ಬೀರುವಿನ ಹಿಂದೆ ಹಿಮ: ಮನೆಯ ವಸ್ತುವನ್ನೇ ಬಾಗಿಲಾಗಿಸಿ ಮಕ್ಕಳ ಕಥೆ ಬರೆಯುವುದು ಹೇಗೆ?

ಕೆಲವು ವರ್ಷದ ಹಿಂದೆ ನಾನೊಂದು ಮಕ್ಕಳ ಕಥೆ ಬರೆದೆ. ಒಬ್ಬ ಹುಡುಗನಿಗೆ ಅಟ್ಟದ ಮೇಲೆ ಹಳೇ ಪೆಟ್ಟಿಗೆ ಸಿಗುತ್ತದೆ. ಮುಚ್ಚಳ ತೆಗೆದರೆ ಫಳಫಳ ಬೆಳಕು. ಒಳಗೆ ಬಿದ್ದರೆ ಮಾತಾಡುವ ಮೀನುಗಳ ರಾಜ್ಯ. ಪೆಟ್ಟಿಗೆಗೆ ಎರಡು ಸಾಲು ಕೊಟ್ಟಿದ್ದೆ, ಮೀನುಗಳಿಗೆ ಹನ್ನೆರಡು ಪುಟ. ಅಕ್ಕನ ಮಗಳನ್ನು ಕೂರಿಸಿಕೊಂಡು ಓದಿದೆ. ಪಾಪ, ಹನ್ನೆರಡೂ ಪುಟ ಕೇಳಿಸಿಕೊಂಡಳು. ಕೊನೆಗೆ ಒಂದೇ ಪ್ರಶ್ನೆ: "ಮಾಮ, ಆ ಪೆಟ್ಟಿಗೆ ಯಾರದ್ದು? ಮೊದಲು ಅದರಲ್ಲಿ ಏನಿಟ್ಟಿದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಥೆ ಬಿದ್ದದ್ದು ಅಲ್ಲೇ ಎಂದು ಆಮೇಲೆ ಗೊತ್ತಾಯಿತು. ಈ ಜಾತಿಯ ಕಥೆಗಳಲ್ಲಿ ನಾವು ಬಾಗಿಲಿನ ಆಚೆ ಕಡೆಯ ಬಗ್ಗೆ ತಲೆ ಕೆಡಿಸಿಕೊಳ್ಳುತ್ತೇವೆ. ಕೆಲಸ ಇರುವುದು ಈಚೆ ಕಡೆ. ಕೆಳಗಿನ ಹೆಜ್ಜೆಗಳು ಬಹುಪಾಲು ಈಚೆ ಕಡೆಯವೇ.

ಹೆಜ್ಜೆ 1: ಯಾರೂ ತಿರುಗಿ ನೋಡದ ವಸ್ತು ಹುಡುಕಿ

ಹಳೇ ಕಥೆಗಳಲ್ಲಿ ಬೇರೆ ಲೋಕ ದೂರ ಇರುತ್ತಿತ್ತು. ಏಳು ಸಮುದ್ರ ದಾಟಬೇಕು, ಗುಹೆ ಹೊಕ್ಕಬೇಕು. ಕುವೆಂಪು ಅವರ ಕಿಂದರಿಜೋಗಿಯ ಹಿಂದೆ ಹೊರಟ ಮಕ್ಕಳಿಗೂ ಬೆಟ್ಟವೇ ಬಾಯಿ ತೆರೆಯಬೇಕಾಯಿತು. ಹಾಗಂತ ಹತ್ತಿರದ ಬಾಗಿಲು ನಮಗೆ ಹೊಸದಲ್ಲ. ಯಶೋದೆಗೆ ಬ್ರಹ್ಮಾಂಡ ಕಂಡದ್ದು ಮಣ್ಣು ತಿಂದ ಮಗುವಿನ ಬಾಯಲ್ಲಿ. ಬೈಯಲು ಬಂದವಳು ಅವಳು, ಯಾತ್ರೆಗೆ ಹೊರಟವಳಲ್ಲ. ಈ ಕಥೆಗಳ ಗುಟ್ಟೆಲ್ಲ ಅದರಲ್ಲೇ ಇದೆ. ಹುಡುಕಿಕೊಂಡು ಹೋದವರಿಗೆ ಬಾಗಿಲು ಸಿಗುವುದು ಕಡಿಮೆ, ಇನ್ನೇನೋ ಮಾಡುತ್ತಿದ್ದವರ ಕೈಗೆ ತಗಲುವುದೇ ಜಾಸ್ತಿ.

ಹ್ಯಾರಿ ಪಾಟರ್ ಸರಣಿಯ ನಾಲ್ಕನೇ ಪುಸ್ತಕದಲ್ಲಿ (2000) ಮಾಟಗಾರರು ಒಂದೂರಿಂದ ಇನ್ನೊಂದೂರಿಗೆ ಹಾರುವುದು ಒಂದು ಹಳೇ ಬೂಟು ಹಿಡಿದುಕೊಂಡು. ಬೂಟೇ ಯಾಕೆ? ಸಾಮಾನ್ಯ ಜನ ಕಂಡರೂ ಕಸ ಎಂದುಕೊಂಡು ಮುಟ್ಟದೆ ಹೋಗಲಿ ಎಂದು. ಅದು ಬೇರೆ ಲೋಕದ ಬಾಗಿಲಲ್ಲ, ಬರೀ ಸಾರಿಗೆ. ಆದರೂ ತರ್ಕ ನಮಗೆ ಬೇಕಾದದ್ದೇ. ಹೊಳೆಯುವ ಕಲ್ಲು, ಕೆತ್ತನೆಯ ಕತ್ತಿ, ಮಂತ್ರ ಬರೆದ ತಾಮ್ರದ ತಗಡು ಎಲ್ಲ ಬಿಡಿ. ಅವು "ನಾನು ಮಾಯೆ, ನನ್ನನ್ನು ಮುಟ್ಟು" ಎಂದು ಕೂಗಿ ಹೇಳುತ್ತವೆ. ಮಗುವಿಗೆ ಕಂಡುಹಿಡಿಯಲು ಏನೂ ಉಳಿಯುವುದಿಲ್ಲ.

ಹಾಗಾದರೆ ಯಾವುದು? ಒಂದು ಸಂಜೆ ಮನೆಯೊಳಗೆ ಸುಮ್ನೆ ಒಂದು ಸುತ್ತು ಬನ್ನಿ, ಕೈಯಲ್ಲಿ ಪೆನ್ನು ಇರಲಿ. ಬಾಯಿ ಇರುವ, ಮುಚ್ಚಳ ಇರುವ, ಮಡಚುವ, ತಿರುಗುವ, ಒಳಗೆ ಕತ್ತಲಿರುವ ವಸ್ತುಗಳನ್ನೆಲ್ಲ ಬರೆದುಕೊಳ್ಳಿ. ಬಚ್ಚಲಮನೆಯ ಹಂಡೆ, ಕಬ್ಬಿಣದ ಟ್ರಂಕು, ಮಡಚಿಟ್ಟ ಹಾಸಿಗೆಗಳ ರಾಶಿ, ಕೊಡೆ, ಹೊಲಿಗೆ ಯಂತ್ರದ ಪುಟ್ಟ ಡ್ರಾಯರು, ಅಜ್ಜಿಯ ಎಲೆಅಡಿಕೆ ಸಂಚಿ. ನನ್ನ ಪಟ್ಟಿಯಲ್ಲಿ ನಲವತ್ತು ದಾಟಿತ್ತು.

ಇಲ್ಲೊಂದು ಎಚ್ಚರಿಕೆ. ಫ್ರಿಜ್, ವಾಷಿಂಗ್ ಮಷೀನು, ಬಾವಿ, ಕರೆಂಟಿನ ಪೆಟ್ಟಿಗೆ ಬೇಡವೇ ಬೇಡ. ಮಕ್ಕಳು ಓದಿದ್ದನ್ನು ಮಾಡಿ ನೋಡುತ್ತಾರೆ. ನನಗೆ ಉತ್ತರ ಕರ್ನಾಟಕದ ಹಗೇವಿನ ಮೇಲೆ ಬಹಳ ಆಸೆ ಇತ್ತು. ನೆಲದೊಳಗೆ ಜೋಳ ತುಂಬಿಡುವ ಕತ್ತಲ ಗುಂಡಿ, ಇದಕ್ಕಿಂತ ಬಾಗಿಲು ಬೇಕೇ? ಆದರೆ ಹಗೇವಿನ ಬಾಯಿ ತೆಗೆದ ಕೂಡಲೇ ದೊಡ್ಡವರೂ ಇಳಿಯುವುದಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾಯುತ್ತಾರೆ. ಆಸೆ ಕೈಬಿಟ್ಟೆ.

ಹೆಜ್ಜೆ 2: ಆ ವಸ್ತು ಮಾಡುವ ಕೆಲಸವೇ ಆಚೆ ಲೋಕದ ಕಾನೂನು

ಹೆಚ್ಚಿನವರು ಎಡವುವುದು ಇಲ್ಲಿ. ವಸ್ತು ಒಂದು, ಲೋಕ ಇನ್ನೊಂದು, ಎರಡಕ್ಕೂ ಸಂಬಂಧವೇ ಇಲ್ಲ. ನನ್ನ ಪೆಟ್ಟಿಗೆ ಮತ್ತು ಮೀನುಗಳ ಹಾಗೆ.

ಲೂಯಿಸ್ ಕ್ಯಾರಲ್ 1871ರಲ್ಲಿ ಏನು ಮಾಡಿದ ನೋಡಿ. ಆಲಿಸ್ ಅಗ್ಗಿಷ್ಟಿಕೆಯ ಮೇಲಿನ ದೊಡ್ಡ ಕನ್ನಡಿ ಹತ್ತಿ ಆಚೆ ಹೋಗುತ್ತಾಳೆ. ಕನ್ನಡಿ ಏನು ಮಾಡುತ್ತದೆ? ಎಡವನ್ನು ಬಲ ಮಾಡುತ್ತದೆ. ಆಚೆ ಲೋಕವೂ ಅಷ್ಟೇ. ಪುಸ್ತಕದ ಅಕ್ಷರ ತಿರುಗಾಮುರುಗಾ. ಕೆಂಪು ರಾಣಿಯ ಹತ್ತಿರ ಹೋಗಬೇಕಾದರೆ ಅವಳಿಂದ ದೂರ ನಡೆಯಬೇಕು. ನಿಂತಲ್ಲೇ ಇರಬೇಕಾದರೆ ಓಡಬೇಕು. ಕೇಕನ್ನು ಮೊದಲು ಹಂಚಬೇಕು, ಆಮೇಲೆ ಕತ್ತರಿಸಬೇಕು. ಒಂದು ಕನ್ನಡಿಯ ಸ್ವಭಾವ ಹಿಡಿದು ಇಡೀ ಪುಸ್ತಕ ಎಳೆದಿದ್ದಾನೆ.

ಅದಕ್ಕಿಂತ ನನಗೆ ಇಷ್ಟ ಇನ್ನೊಂದು ಸಣ್ಣ ವಿಷಯ. ಆಲಿಸ್ ಇನ್ನೂ ಕನ್ನಡಿ ದಾಟಿಲ್ಲ, ಬೆಕ್ಕಿನ ಮರಿಯನ್ನು ಕನ್ನಡಿಗೆ ಎತ್ತಿ ಹಿಡಿದುಕೊಂಡು ಯೋಚಿಸುತ್ತಿದ್ದಾಳೆ. ಕನ್ನಡಿಯೊಳಗಿನ ಕೋಣೆ ನಮ್ಮ ಕೋಣೆಯ ಹಾಗೇ ಕಾಣುತ್ತದೆ. ಒಂದು ಜಾಗ ಮಾತ್ರ ಕಾಣುವುದಿಲ್ಲ, ಬೆಂಕಿ ಉರಿಯುವ ಗೂಡು. ಅಲ್ಲೂ ಚಳಿಗಾಲಕ್ಕೆ ಬೆಂಕಿ ಹಾಕುತ್ತಾರಾ? ಹೊಗೆ ಎದ್ದರೆ ಅಲ್ಲೂ ಹೊಗೆ ಕಾಣುತ್ತದೆ, ಆದರೆ ಸುಮ್ನೆ ತೋರಿಕೆಗೆ ಇರಬಹುದಲ್ಲ ಎಂಬುದು ಅವಳ ಅನುಮಾನ. ಎಂಥ ಪ್ರಶ್ನೆ ನೋಡಿ! ಕಾಣುವುದು ಮುಕ್ಕಾಲು, ಕಾಣದ್ದು ಕಾಲು. ಆ ಕಾಲು ಭಾಗಕ್ಕಾಗಿಯೇ ಮಗು ಕನ್ನಡಿ ಹತ್ತುತ್ತದೆ. ನಿಮ್ಮ ವಸ್ತುವಿನಲ್ಲೂ ಕಾಣದ ಆ ಮೂಲೆ ಯಾವುದು ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ.

ಇನ್ನೊಂದು ಉದಾಹರಣೆ ಬೇಕಾದರೆ ಫಿಲಿಪ್ಪಾ ಪಿಯರ್ಸ್ 1958ರಲ್ಲಿ ಬರೆದ ಟಾಮ್‌ನ ಕಥೆ. ಅಲ್ಲಿ ಬಾಗಿಲು ತೆರೆಸುವುದು ಆಳೆತ್ತರದ ಹಳೇ ಗಡಿಯಾರ. ಆದ್ದರಿಂದ ಆಚೆ ಇರುವುದು ಬೇರೆ ಜಾಗವಲ್ಲ, ಬೇರೆ ಕಾಲ. ನಾರ್ಟನ್ ಜಸ್ಟರ್ 1961ರಲ್ಲಿ ಬರೆದ ಕಥೆಯ ಮೈಲೋಗೆ ಪಾರ್ಸೆಲ್‌ನಲ್ಲಿ ಬರುವುದು ಟೋಲ್‌ಗೇಟು. ಜೋಡಿಸಿಕೊಳ್ಳಬೇಕು, ನಾಣ್ಯ ಹಾಕಬೇಕು, ಆಟದ ಕಾರಿನಲ್ಲಿ ದಾಟಬೇಕು. ಆದ್ದರಿಂದ ಆ ಕಥೆ ಪೂರ್ತಿ ರಸ್ತೆ ಪ್ರಯಾಣ. ಫಾಸ್ಟ್ಯಾಗ್ ಕಾಲದ ನಮ್ಮ ಮಕ್ಕಳಿಗೆ ಆ ನಾಣ್ಯದ ಗಮ್ಮತ್ತು ಬಿಡಿಸಿ ಹೇಳಬೇಕಾಗಬಹುದು, ಅದು ಬೇರೆ ಮಾತು.

ಹೆಜ್ಜೆ 3: ಬಾಗಿಲು ತೆರೆಯುವ ಮೊದಲು ಆ ವಸ್ತುವನ್ನು ಬಳಸಿ

ನಾರ್ನಿಯಾ ಎಂಬ ಹಿಮದ ಲೋಕಕ್ಕೆ ಬಾಗಿಲಾಗುವ ಬೀರುವಿನ ಬಗ್ಗೆ ಎಲ್ಲರೂ ಕೇಳಿದ್ದೇವೆ. ಸಿ. ಎಸ್. ಲೂಯಿಸ್‌ನ ಆ ಪುಸ್ತಕ 1950ರದ್ದು. ಕಥೆ ಗೊತ್ತಿದ್ದರೂ ಆ ಒಂದೆರಡು ಪುಟ ಮತ್ತೆ ತೆಗೆದು ನಿಧಾನಕ್ಕೆ ಓದಿ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಪಾಠ ಇಲ್ಲ.

ಮಳೆಯ ದಿನ. ನಾಲ್ಕು ಮಕ್ಕಳು ದೊಡ್ಡ ಮನೆ ಸುತ್ತುತ್ತಾ ಖಾಲಿ ಕೋಣೆಗೆ ಬರುತ್ತಾರೆ. ಅಲ್ಲಿರುವುದು ಒಂದು ಬೀರು. ಕಿಟಕಿಯ ಹಲಗೆ ಮೇಲೆ ಸತ್ತುಬಿದ್ದ ಒಂದು ನೀಲಿ ನೊಣ. ಅಷ್ಟೇ. ಉಳಿದ ಮೂವರು ಹೊರಡುತ್ತಾರೆ, ಲೂಸಿ ಮಾತ್ರ ನಿಲ್ಲುತ್ತಾಳೆ. ಬೀಗ ಹಾಕಿರುತ್ತದೆ ಎಂದುಕೊಂಡೇ ಬಾಗಿಲು ಎಳೆಯುತ್ತಾಳೆ. ತೆರೆಯುತ್ತದೆ. ಎರಡು ನುಸಿಗುಳಿಗೆ ಹೊರಗೆ ಬೀಳುತ್ತವೆ.

ಆ ನೊಣ ಮತ್ತು ಆ ಎರಡು ಗುಳಿಗೆ ಇಲ್ಲದಿದ್ದರೆ ಮುಂದಿನ ಹಿಮವನ್ನು ನಾವು ನಂಬುತ್ತಿರಲಿಲ್ಲ. ಇದು ನಿಜವಾದ ಮನೆ, ನಿಜವಾದ ಬೀರು, ಬಟ್ಟೆಗೆ ನುಸಿ ಹಿಡಿಯಬಾರದು ಎಂದು ಯಾರೋ ಗುಳಿಗೆ ಇಟ್ಟಿದ್ದಾರೆ ಎಂದು ನಂಬಿದ ಮೇಲಷ್ಟೇ ಮನಸ್ಸು ಮುಂದಿನದಕ್ಕೆ ಸಿದ್ಧ.

ಇನ್ನೊಂದು ಜಾಣತನ ಗಮನಿಸಿ. ಲೂಸಿ ಒಳಗೆ ಹೋಗುವಾಗ ಬಾಗಿಲು ತೆರೆದೇ ಇಡುತ್ತಾಳೆ. ಬೀರುವಿನೊಳಗೆ ಹೊಕ್ಕು ಬಾಗಿಲು ಹಾಕಿಕೊಳ್ಳುವುದು ದಡ್ಡತನ ಎಂದು ಅವಳಿಗೆ ಗೊತ್ತು. ಕೆಲವು ದಿನದ ನಂತರ ಅಣ್ಣ ಎಡ್ಮಂಡ್ ಅದೇ ಬೀರು ಹೊಕ್ಕು ಬಾಗಿಲು ಹಾಕಿಕೊಳ್ಳುತ್ತಾನೆ. ಮಕ್ಕಳಿಗೆ ಎಚ್ಚರಿಕೆಯೂ ಆಯಿತು, ಈ ಇಬ್ಬರಲ್ಲಿ ಯಾರು ತೊಂದರೆಗೆ ಸಿಕ್ಕಿಹಾಕಿಕೊಳ್ಳುತ್ತಾರೆ ಎಂದು ಹೇಳದೇ ಹೇಳಿದಂತೆಯೂ ಆಯಿತು. ನಿಮ್ಮ ಪಾತ್ರ ಆ ವಸ್ತುವನ್ನು ಹೇಗೆ ಮುಟ್ಟುತ್ತದೆ ಎಂಬುದರಲ್ಲೇ ಅರ್ಧ ಸ್ವಭಾವ ಹೇಳಿಬಿಡಬಹುದು.

ಹಾಗಾಗಿ ಮೊದಲು ಒಂದು ಪುಟ, ಮಾಯೆ ಇಲ್ಲದ ಒಂದು ಪುಟ ಬರೆಯಿರಿ. ಆ ವಸ್ತು ಯಾರದ್ದು, ಎಲ್ಲಿಟ್ಟಿರುತ್ತಾರೆ, ಏನು ವಾಸನೆ, ಮಕ್ಕಳು ಮುಟ್ಟಿದರೆ ಯಾರು ಬೈಯುತ್ತಾರೆ. ಇದಿಷ್ಟು ಬರೆಯುವಾಗ ಬೇಜಾರಾದರೆ ವಸ್ತು ತಪ್ಪಾಗಿದೆ ಎಂದರ್ಥ. ಬೇರೆ ತಗೊಳ್ಳಿ.

ಹೆಜ್ಜೆ 4: ದಾಟುವುದು ಮೈಗೆ ಗೊತ್ತಾಗಲಿ

"ಕಣ್ಣು ಮುಚ್ಚಿ ತೆರೆಯುವುದರಲ್ಲಿ ಬೇರೆ ಲೋಕದಲ್ಲಿದ್ದಳು" ಎಂದು ಬರೆಯಬೇಡಿ. ಅಷ್ಟು ಹೊತ್ತು ಕಾಯಿಸಿ ಕೊನೆಗೆ ಊಟವನ್ನೇ ಬಡಿಸದೆ ಕಳಿಸಿದ ಹಾಗೆ.

ಲೂಸಿ ದಾಟುವುದು ಕೈಕಾಲಿನಿಂದ. ತುಪ್ಪಳದ ಕೋಟುಗಳಿಗೆ ಮುಖ ಉಜ್ಜುತ್ತಾಳೆ. ಹಿಂದಿನ ಹಲಗೆಗೆ ಮೂಗು ಬಡಿಯದಿರಲಿ ಎಂದು ಕೈ ಮುಂದೆ ಚಾಚಿಕೊಂಡು ನಡೆಯುತ್ತಾಳೆ. ಕಾಲಡಿ ಏನೋ ಕರಕರ ಅನ್ನುತ್ತದೆ. ನುಸಿಗುಳಿಗೆಯೇ ಇರಬೇಕೆಂದು ಬಗ್ಗಿ ಮುಟ್ಟುತ್ತಾಳೆ. ಮರದ ಹಲಗೆ ಇರಬೇಕಾದಲ್ಲಿ ಪುಡಿಪುಡಿ, ಮೆತ್ತಗೆ, ತಣ್ಣಗೆ. ಆಮೇಲೆ ಮುಖಕ್ಕೆ ತಗಲುವುದು ತುಪ್ಪಳವಲ್ಲ, ಚುಚ್ಚುವ ಕೊಂಬೆ. ಕಣ್ಣಿಗೆ ಕಾಣುವ ಮೊದಲು ಕೈಗೆ, ಕೆನ್ನೆಗೆ, ಕಾಲಿಗೆ ಗೊತ್ತಾಗಿರುತ್ತದೆ. ಹೊರಗಿನ ಗುಳಿಗೆ ಒಳಗಿನ ಹಿಮವಾಯಿತು, ಕೋಟು ಕಾಡಾಯಿತು. ಎಲ್ಲಿ ಬದಲಾಯಿತು ಎಂದು ಬೆರಳಿಟ್ಟು ತೋರಿಸಿ ನೋಡೋಣ, ಆಗುವುದಿಲ್ಲ.

ಇದನ್ನೇ ಅಭ್ಯಾಸಕ್ಕೆ ತಗೊಳ್ಳಿ. ವಸ್ತುವಿನೊಳಗೆ ಇರುವ ಎರಡು ಸಂಗತಿ ಆರಿಸಿ. ಅವು ಆಚೆ ಲೋಕದ ಯಾವ ಎರಡು ಸಂಗತಿಯಾಗಿ ಮಾರ್ಪಡುತ್ತವೆ ಎಂದು ಬರೆದುಕೊಳ್ಳಿ. ಟ್ರಂಕಿನ ಮಡಿಕೆ ಸೀರೆ ಗದ್ದೆಯ ಬದುವಾಗಬಹುದು. ಹಂಡೆಯ ಮಸಿ ರಾತ್ರಿಯಾಗಬಹುದು.

ಹೆಜ್ಜೆ 5: ಬಾಗಿಲು ಯಾವಾಗ ತೆರೆಯುವುದಿಲ್ಲ?

ಯಾವಾಗ ಬೇಕಾದರೂ ತೆರೆಯುವ ಬಾಗಿಲು ಕಥೆಗೆ ಬೇಡ, ಅದು ಲಿಫ್ಟು. ಲೂಸಿ ಖುಷಿಯಿಂದ ಎಲ್ಲರನ್ನೂ ಕರೆತಂದು ತೋರಿಸಿದರೆ ಕೋಟುಗಳ ಹಿಂದೆ ಗಟ್ಟಿ ಹಲಗೆ, ಅದಕ್ಕೆ ಹೊಡೆದ ಕೊಕ್ಕೆಗಳು. ನೀಲ್ ಗೇಮನ್ 2002ರಲ್ಲಿ ಬರೆದ 'ಕೊರಲೈನ್'ನಲ್ಲಿ ಹುಡುಗಿಯ ಅಮ್ಮ ಹಳೇ ಕಪ್ಪು ಬೀಗದಕೈ ಹಾಕಿ ಬಾಗಿಲು ತೆರೆದಾಗ ಎದುರಿಗೆ ಇಟ್ಟಿಗೆ ಗೋಡೆ. ಮನೆಯನ್ನು ಪಾಲು ಮಾಡಿದಾಗ ಮುಚ್ಚಿಬಿಟ್ಟಿದ್ದಾರೆ. ಹುಡುಗಿ ಒಬ್ಬಳೇ ತೆರೆದಾಗ ಇಟ್ಟಿಗೆ ಇಲ್ಲ, ಕತ್ತಲ ಓಣಿ. ಹಗಲಲ್ಲಿ ಟಾಮ್ ಹಿತ್ತಿಲ ಬಾಗಿಲು ತೆಗೆದರೆ ಕಸದ ಡಬ್ಬಿ ಸಾಲು. ಗಡಿಯಾರ ಹದಿಮೂರು ಹೊಡೆದ ರಾತ್ರಿ ತೆಗೆದರೆ ಹಳೇ ಕಾಲದ ತೋಟ.

ಆ ಹದಿಮೂರು ಸುಮ್ಮನೆ ಬಂದದ್ದಲ್ಲ. ಗಡಿಯಾರ ಮೊದಲಿನಿಂದಲೂ ತಪ್ಪು ತಪ್ಪು ಗಂಟೆ ಹೊಡೆಯುತ್ತದೆ ಎಂದು ಮನೆಯವರೆಲ್ಲ ಗೊಣಗಿಕೊಂಡಿರುತ್ತಾರೆ. ನಿಯಮ ಎಂದರೆ ಹೀಗಿರಬೇಕು, ಆ ವಸ್ತುವಿನ ಹಳೇ ಚಾಳಿಯಿಂದಲೇ ಹುಟ್ಟಬೇಕು. ಹುಣ್ಣಿಮೆ ರಾತ್ರಿ ಮೂರು ಸಲ ಸುತ್ತು ಬಂದರೆ ತೆರೆಯುತ್ತದೆ ಎಂಬುದು ಹೊರಗಿಂದ ಅಂಟಿಸಿದ ನಿಯಮ. ಎಳೆದರೆ ಅರ್ಧಕ್ಕೇ ಸಿಕ್ಕಿಕೊಳ್ಳುವ ಡ್ರಾಯರು ಒಂದೇ ಒಂದು ದಿನ ಪೂರ್ತಿ ಬಂತು ಎಂದರೆ ಕೇಳುತ್ತಿರುವ ಮಗು ಮುಂದಕ್ಕೆ ಸರಿದು ಕೂರುತ್ತದೆ.

ಸಮಯದ ಲೆಕ್ಕವನ್ನೂ ಇಲ್ಲೇ ಮುಗಿಸಿ. ಆಚೆ ಎಷ್ಟು ಹೊತ್ತು ಕಳೆದರೆ ಈಚೆ ಎಷ್ಟು? ಅಮ್ಮ ಊಟಕ್ಕೆ ಕರೆಯುವಷ್ಟರಲ್ಲಿ ಬರಬೇಕಲ್ವಾ. ಒಮ್ಮೆ ಹೇಳಿದ ಲೆಕ್ಕವನ್ನು ಆಮೇಲೆ ಮುರಿಯಬೇಡಿ. ಮಕ್ಕಳು ಹಿಡಿಯುತ್ತಾರೆ, ಬಿಡುವುದಿಲ್ಲ.

ಹೆಜ್ಜೆ 6: ವಾಪಸ್ ಬಂದಾಗ ಏನು ಉಳಿಯಿತು?

ಟಾಮ್‌ನ ಕಥೆಯ ಸ್ಕೇಟ್ಸ್ ಬಗ್ಗೆ ಹೇಳಲೇಬೇಕು. ಹಳೇ ಕಾಲದ ತೋಟದಲ್ಲಿ ಅವನಿಗೆ ಸಿಗುವ ಗೆಳತಿ ಹ್ಯಾಟಿ. ಅವಳ ಹತ್ತಿರ ಹಿಮದ ಮೇಲೆ ಜಾರುವ ಸ್ಕೇಟ್ಸ್ ಇವೆ. ಅದನ್ನು ನಿನ್ನ ಕೋಣೆಯ ಕಪಾಟಿನ ನೆಲದಡಿ ಬಚ್ಚಿಡು ಎಂದು ಅವಳಿಂದ ಮಾತು ತಗೊಳ್ಳುತ್ತಾನೆ. ಆಮೇಲೆ ತನ್ನ ಕಾಲಕ್ಕೆ ಬಂದು ಅದೇ ಹಲಗೆ ಎಬ್ಬಿಸುತ್ತಾನೆ. ಸ್ಕೇಟ್ಸ್ ಅಲ್ಲೇ ಇವೆ, ಇಷ್ಟೂ ವರ್ಷ ಕಾದುಕೊಂಡು. ನಾನು ಓದಿದ ಇಂಥ ಪುರಾವೆಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಆಚೆಯಿಂದ ಏನನ್ನೂ ಹೊತ್ತು ತಂದಿಲ್ಲ, ಈಚೆಯೇ ಇತ್ತು.

ಮೈಲೋನ ಟೋಲ್‌ಗೇಟು ಮಾತ್ರ ಮರುದಿನ ಶಾಲೆಯಿಂದ ಬರುವಷ್ಟರಲ್ಲಿ ಮಾಯವಾಗಿರುತ್ತದೆ, ಬೇರೆ ಮಕ್ಕಳಿಗೆ ಬೇಕಂತೆ. ಎರಡೂ ದಾರಿ ಸರಿ. "ಎಲ್ಲ ಕನಸು" ಎಂದು ಮುಗಿಸುವುದು ಮಾತ್ರ ಬೇಡ. ಕ್ಯಾರಲ್‌ಗೆ ಅದು ಒಪ್ಪುತ್ತಿತ್ತು, ನಮಗೆ ನಿಮಗೆ ಒಪ್ಪುವುದಿಲ್ಲ.

ಎಲ್ಲ ಸೇರಿಸಿ ನೋಡೋಣ: ಎಲೆಅಡಿಕೆ ಸಂಚಿ

ನನ್ನ ನಲವತ್ತರ ಪಟ್ಟಿಯಲ್ಲಿ ಉಳಿದದ್ದು ಅಜ್ಜಿಯ ಸಂಚಿ. ಬಟ್ಟೆಯದು, ಉದ್ದ ಒಂದು ಗೇಣು, ಬಾಯಿಗೆ ಎಳೆಯುವ ದಾರ. ಮಗು ಇದರೊಳಗೆ ಹೊಕ್ಕು ಸಿಕ್ಕಿಹಾಕಿಕೊಳ್ಳುವ ಭಯವಿಲ್ಲ. ಮೊದಲ ಪುಟ ಹೀಗೆ ಬಂತು:

"ಅಜ್ಜಿಯ ಸಂಚಿಗೆ ಐದು ಅರೆ. ಒಂದರಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ. ಒಂದರಲ್ಲಿ ಅಡಿಕೆ, ಅಡಕತ್ತರಿ. ಒಂದರಲ್ಲಿ ಸುಣ್ಣದ ಡಬ್ಬಿ. ನಾಲ್ಕನೆಯದರಲ್ಲಿ ಎರಡು ಲವಂಗ, ಬಸ್ಸಿನ ಚಿಲ್ಲರೆ, ರೇಷನ್ ಅಂಗಡಿಯ ಚೀಟಿ. ಐದನೆಯದಕ್ಕೆ ಅಜ್ಜಿ ಕೈ ಹಾಕಿದ್ದನ್ನು ಪುಟ್ಟಿ ಯಾವತ್ತೂ ನೋಡಿಲ್ಲ. 'ಪುಟ್ಟೀ, ಸಂಚಿ ತಗೊಂಬಾ. ಬಾಯಿ ಬಿಚ್ಚಬೇಡ, ನಾನೇ ಬಿಚ್ತೀನಿ' ಅಂದಳು ಅಜ್ಜಿ ಒಳಗಿನಿಂದ."

ಕಾಣದ ಮೂಲೆ ಸಿಕ್ಕಿತು, ಐದನೇ ಅರೆ. ಕಾನೂನು ಎಲ್ಲಿಂದ? ಎಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು. ಬೇರೆ ಬೇರೆ ಇಟ್ಟರೆ ಏನೂ ಇಲ್ಲ, ಮೂರೂ ಸೇರಿದರೆ ಕೆಂಪು. ಹಾಗಾಗಿ ಆ ಲೋಕದಲ್ಲಿ ಮೂವರು ಸೇರದೆ ಯಾವ ಕೆಲಸವೂ ಆಗುವುದಿಲ್ಲ. ಬಾಗಿಲು ತೆರೆಯುವುದಿಲ್ಲ, ದೀಪ ಹತ್ತುವುದಿಲ್ಲ, ಜಗಳ ಕೂಡ ಮೂವರಿಲ್ಲದೆ ಶುರುವಾಗುವುದಿಲ್ಲ. ಒಬ್ಬಳೇ ಹೋದ ಪುಟ್ಟಿಗೆ ಇನ್ನಿಬ್ಬರು ಬೇಕು, ಕಥೆ ತಾನೇ ನಡೆಯುತ್ತದೆ. ಸುಣ್ಣ ಜಾಸ್ತಿಯಾದರೆ ಬಾಯಿ ಸುಡುತ್ತದೆ, ಅಪಾಯವೂ ಸಿಕ್ಕಿತು.

ದಾಟುವುದು ಹೀಗೆ: "ಬೆರಳು ಹೋಯಿತು. ಮಣಿಕಟ್ಟು ಹೋಯಿತು. ಸಂಚಿ ಇರುವುದೇ ಒಂದು ಗೇಣು, ಮೊಣಕೈ ಎಲ್ಲಿ ಹೋಯಿತು? ಬೆರಳಿಗೆ ಒದ್ದೆ ಬಟ್ಟೆ ತಗಲಿತು. ಇನ್ನೂ ಚಾಚಿದಳು. ಒದ್ದೆ ಹುಲ್ಲು." ವಾಪಸ್ ಬಂದ ಮೇಲೆ ಅಜ್ಜಿ ಏನೂ ಕೇಳುವುದಿಲ್ಲ. "ನಾಲಿಗೆ ತೋರ್ಸು" ಅನ್ನುತ್ತಾಳೆ. ಎಲೆ ಮುಟ್ಟದ ಹುಡುಗಿಯ ನಾಲಿಗೆ ಕೆಂಪು. ಅಜ್ಜಿಗೆ ಐದನೇ ಅರೆ ಗೊತ್ತಿತ್ತಾ? ಬರೆದಿಲ್ಲ, ಬರೆಯುವುದೂ ಇಲ್ಲ.

ಎರಡು ಸಂದೇಹ

ವಸ್ತುವಿಗೆ ಮಾಯೆ ಎಲ್ಲಿಂದ ಬಂತು ಎಂದು ವಿವರಿಸಬೇಕಾ? ಬೇಕಿಲ್ಲ. ಆ ಬೀರುವಿನ ಮರ ಯಾವುದು, ಎಲ್ಲಿಂದ ಬಂತು ಎಂದು ಲೂಯಿಸ್ ಹೇಳಿದ್ದು ಐದು ವರ್ಷದ ನಂತರ, 1955ರ ಪುಸ್ತಕದಲ್ಲಿ. ನಾರ್ನಿಯಾದ ಸೇಬಿನ ಬೀಜದಿಂದ ಇಂಗ್ಲೆಂಡಿನಲ್ಲಿ ಬೆಳೆದ ಮರ ಗಾಳಿಗೆ ಬಿತ್ತಂತೆ, ಅದರ ಹಲಗೆಯಂತೆ. ಚೆಂದದ ವಿವರಣೆ. ಆದರೆ ಅದಿಲ್ಲದೆಯೂ ಮೊದಲ ಪುಸ್ತಕ ಐದು ವರ್ಷ ನಡೆದಿತ್ತಲ್ಲ.

ಬೀರುವನ್ನೇ ಬಳಸಿದರೆ ಕಾಪಿ ಅನ್ನುತ್ತಾರಾ? ಈಡಿತ್ ನೆಸ್ಬಿಟ್‌ಳ ಒಂದು ಸಣ್ಣಕಥೆಯಲ್ಲಿ ಅಮಾಬೆಲ್ ಎಂಬ ಹುಡುಗಿ ಬೀರುವಿನೊಳಗೆ ಹೋಗಿ ರೈಲ್ವೆ ಸ್ಟೇಷನ್ ತಲುಪುತ್ತಾಳೆ. ಅದು 1912ರ ಸಂಕಲನದಲ್ಲಿ ಇದೆ, ನಾರ್ನಿಯಾಕ್ಕಿಂತ ಎಷ್ಟೋ ಮೊದಲು. ಲೂಯಿಸ್‌ಗೆ ಅವನದೇ ಬೀರು ಇತ್ತು, ಅಜ್ಜ ಕೈಯಾರೆ ಮಾಡಿದ್ದು. ಅದೀಗ ಅಮೆರಿಕದ ಇಲಿನಾಯ್ ರಾಜ್ಯದ ವೀಟನ್ ಕಾಲೇಜಿನಲ್ಲಿದೆ. ನಿಮ್ಮ ಮನೆಯ ಬೀರುವಿನ ಬಾಗಿಲು ಕಿರ್ ಅನ್ನುವ ರೀತಿ ಬೇರೆ ಯಾವ ಬೀರುವಿಗೂ ಇರುವುದಿಲ್ಲ. ಅದನ್ನು ಬರೆಯಿರಿ, ಸಾಕು.

ಕೊನೆಯ ಹೆಜ್ಜೆ: ಅರ್ಧ ಓದಿ ನಿಲ್ಲಿಸಿ

ಕಥೆ ಮುಗಿದ ಮೇಲೆ ಒಂದು ಮಗುವನ್ನು ಕೂರಿಸಿಕೊಳ್ಳಿ. ವಸ್ತುವಿನ ಬಾಯಿ ತೆರೆಯುವವರೆಗೆ ಮಾತ್ರ ಓದಿ, ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಿ. ಬರುವಷ್ಟರಲ್ಲಿ ಹಾಳೆ ಮಗುವಿನ ಕೈಯಲ್ಲಿದ್ದರೆ ಕಥೆ ಸರಿಯಾಗಿದೆ. ಮೊಬೈಲ್ ಕೈಯಲ್ಲಿದ್ದರೆ ಹೆಜ್ಜೆ 3ಕ್ಕೆ ವಾಪಸ್. ಸಂಚಿಯ ಕಥೆಗೆ ನಾನು ನಾಲ್ಕು ಸಲ ವಾಪಸ್ ಹೋಗಿದ್ದೆ. ಮೀನುಗಳ ಕಥೆ ಇನ್ನೂ ಡ್ರಾಯರಿನಲ್ಲೇ ಇದೆ. ಆ ಪೆಟ್ಟಿಗೆ ಯಾರದ್ದೆಂದು ನನಗಿನ್ನೂ ಗೊತ್ತಾಗಿಲ್ಲ.